ಬೀಳಲೊಲ್ಲದ ಜೋಡಿಯನ್ನು ಹುಡುಕು

ತಮ್ಮಾ, ಕುಸ್ತಿಯ ತಾಲೀಮು ಬಿಟ್ಟು ಚೀನಾದ ಬಾಜಿ ಎಂಬ ಹೊಡೆದಾಟದ ವಿದ್ಯೆ ಕಲಿಯುತ್ತೇನೆಂದು ಹಟ ಹಿಡಿದಿದ್ದೀಯಂತೆ. ನಿಮ್ಮವ್ವ ಬಂದು, "ಮಾಸ್ತರ್ರ, ನೀವರ ಒಂದ್ ಮಾತ್ ಹೇಳ್ರಿ ಅವಗ" ಅಂದಳು. ಆಕೆ ಹೇಳಿಸಬೇಕೆಂದಿದ್ದ ಮಾತು "ಬ್ಯಾಡ" ಅನ್ನೋದು. ಅದನ್ನು ನಾನು ಹೇಳುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗನಿಗೆ ಬೇಡ ಅಂದರೆ ಅದೇ ಬೇಕಾಗುತ್ತದೆ. ಕನ್ನಡ ಶಾಲೆಯಲ್ಲಿ ಅಷ್ಟು ವರ್ಷ ಮಕ್ಕಳನ್ನು ನೋಡಿದವನಿಗೆ ಇಷ್ಟಾದರೂ ಗೊತ್ತಿರಬೇಕಲ್ಲ.

ನೀನು ಮೊಬೈಲಿನಲ್ಲಿ ತೋರಿಸಿದ ವಿಡಿಯೋ ಕಣ್ಣ ಮುಂದೆಯೇ ಇದೆ. ಒಬ್ಬಾತ ನೆಲಕ್ಕೆ ಕಾಲು ಅಪ್ಪಳಿಸುತ್ತಾನೆ, ಧೂಳೇಳುತ್ತದೆ, ಅದೇ ಗಳಿಗೆಗೆ ಮೊಣಕೈ ಎದುರಿನವನ ಎದೆಗೆ ನುಗ್ಗುತ್ತದೆ, ಅವನು ಹಾರಿ ಗೋಡೆಗೆ ಬೀಳುತ್ತಾನೆ. "ಮಾಸ್ತರ್ರ, ಚೀನಾದಾಗ ಇದಕ್ಕಿಂತ ಉಗ್ರ ವಿದ್ಯಾ ಇನ್ನೊಂದಿಲ್ಲ" ಅಂದೆ ನೀನು. ಇರಬಹುದು. ಉಗ್ರ ಅನ್ನುವುದರಲ್ಲಿ ನನಗೇನೂ ತಕರಾರಿಲ್ಲ. ಉಗ್ರವಾದದ್ದೆಲ್ಲ ಕೆಲಸಕ್ಕೆ ಬರುತ್ತದೆ ಅಂತ ನೀನು ಲೆಕ್ಕ ಹಾಕಿದೆಯಲ್ಲ, ಮಾತಾಡಬೇಕಾದದ್ದು ಅದರ ಬಗ್ಗೆ.

ಮೊದಲು ಬಾಜಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. ಅದು ಉತ್ತರ ಚೀನಾದ ಹೆಬೆಯ್ ಪ್ರಾಂತದ ತ್ಸಾಂಗ್‌ಝೌ ಸೀಮೆಯದು. ಅಲ್ಲಿನ ಹುಯಿ ಮುಸಲ್ಮಾನರ ಊರುಗಳಲ್ಲಿ ಬೆಳೆದ ವಿದ್ಯೆ. ದೂರದಿಂದ ಒದೆಯುವುದು, ಹಾರುವುದು, ಸುತ್ತುವುದು ಅದರಲ್ಲಿ ಕಡಿಮೆ. ಎದುರಾಳಿಯ ಕೈಗಳ ನಡುವೆ ದಾರಿ ಮಾಡಿಕೊಂಡು ಒಳನುಗ್ಗಬೇಕು; ಮೊಣಕೈ, ಭುಜ, ಸೊಂಟ, ಬೆನ್ನು, ಯಾವುದು ಹತ್ತಿರವಿದೆಯೋ ಅದರಿಂದ ಹೊಡೆಯಬೇಕು. ಅದರ ಪೈಕಿ ಹೆಸರು ಮಾಡಿದವನು ಲೀ ಶುವೆನ್, 1864ರಲ್ಲಿ ಹುಟ್ಟಿ 1934ರಲ್ಲಿ ತೀರಿಕೊಂಡವನು. ಈಟಿಯಲ್ಲಿ ಅವನಿಗೆ ದೈವತ್ವವೇ ಇತ್ತು ಅನ್ನುತ್ತಾರೆ. ಗೋಡೆಯ ಮೇಲೆ ಕೂತ ನೊಣವನ್ನು ಈಟಿಯ ಮೊನೆಯಿಂದ ಚುಚ್ಚಿದರೆ ಗೋಡೆಗೆ ಗೀರೂ ಬೀಳುತ್ತಿರಲಿಲ್ಲವಂತೆ. ಯಾರಿಗೂ ಎರಡನೇ ಏಟು ಕೊಡುವ ಪ್ರಸಂಗವೇ ಬರಲಿಲ್ಲವಂತೆ. ಅವನ ಶಿಷ್ಯನೊಬ್ಬ, ಹುವೋ ದಿಯೆನ್‌ಗೆ, ಚೀನಾದ ಕೊನೆಯ ಚಕ್ರವರ್ತಿ ಪು ಯಿಯ ಅಂಗರಕ್ಷಕರಿಗೆ ಕಲಿಸಿದ. ಇನ್ನೊಬ್ಬ, ಲಿಯು ಯುಂಚಿಯಾವೊ, ತೈವಾನಿಗೆ ಹೋಗಿ ಅಲ್ಲಿನ ರಾಷ್ಟ್ರಾಧ್ಯಕ್ಷರ ಕಾವಲುಗಾರರಿಗೆ ಕಲಿಸಿದ. ಹೀಗೆ ಬಾಜಿಗೆ ಅಂಗರಕ್ಷಕರ ವಿದ್ಯೆ ಅಂತ ಹೆಸರಾಯಿತು. 1993ರಲ್ಲಿ ಜಪಾನಿನ ಸೇಗಾ ಕಂಪನಿ ವರ್ಚುವಾ ಫೈಟರ್ ಎಂಬ ಗೇಮ್ ತಂದಾಗ ಅದರ ನಾಯಕ ಅಕಿರಾನಿಗೆ ಇದೇ ಬಾಜಿ ಕೊಟ್ಟಿತು. ಆಮೇಲೆ ಅದು ಲೋಕದ ಎಲ್ಲ ಹುಡುಗರ ಪಾಲಾಯಿತು, ಜತ್ತ ತಾಲೂಕಿನವರೂ ಸೇರಿ.

ಈಗ ನೀನು ಕೇಳಬೇಕಾದ ಪ್ರಶ್ನೆ ಒಂದಿದೆ. ಈ ಹೆಸರಿನಲ್ಲಿ ಎಷ್ಟು ಪಾಲು ಏಟಿನದು, ಎಷ್ಟು ಪಾಲು ಕಥೆಯದು?

ನಮ್ಮೂರನ್ನೇ ನೋಡು. ಜತ್ತ ಸಂಸ್ಥಾನವಾಳಿದ ಡಫಳೆ ಮನೆತನದವರು ಆದಿಲಶಾಹಿ ಕಾಲದಲ್ಲಿ ಕತ್ತಿ ಹಿಡಿದು ಮೇಲೆ ಬಂದವರು. ಅವರಿಗೆ ಆ ಅಡ್ಡಹೆಸರು ಬಂದದ್ದೇ ನಮ್ಮ ಡಫಳಾಪುರದಿಂದ. ಇಲ್ಲಿ ಯಾವ ಮನೆಯ ಕಟ್ಟೆಯ ಮೇಲೆ ಕೂತರೂ ಆ ಮನೆಯ ಮುತ್ತಜ್ಜನ ಮುತ್ತಜ್ಜ ಅವರ ದಂಡಿನಲ್ಲಿ ಹತ್ತು ಜನರನ್ನು ಕಡಿದವನೇ ಆಗಿರುತ್ತಾನೆ. ಕಡಿಸಿಕೊಂಡವನ ಮನೆ ಮಾತ್ರ ನನಗೆ ಇಂದಿನವರೆಗೆ ಒಂದೂ ಸಿಕ್ಕಿಲ್ಲ.

ಚೀನಾದಲ್ಲೂ ಹಾಗೆಯೇ ಆದದ್ದು ಒಂದು ಪ್ರಸಂಗದಿಂದ ಚೆನ್ನಾಗಿ ತಿಳಿಯುತ್ತದೆ. 1953ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗಿನ ಶೆಕ್ ಕಿಪ್ ಮೇ ಗುಡಿಸಲುಗಳಿಗೆ ಬೆಂಕಿ ಬಿದ್ದು ಸಾವಿರಾರು ಜನ ಬೀದಿಗೆ ಬಂದರು. ಅವರ ನೆರವಿಗೆ ಹಣ ಕೂಡಿಸಲು 1954ರ ಜನವರಿ 17ರಂದು ಮಕಾವ್‌ನಲ್ಲಿ ಒಂದು ಕಾಳಗ ಏರ್ಪಾಟಾಯಿತು. ಒಂದು ಕಡೆ ತೈ ಚಿಯ ವೂ ಗೊಂಗ್‌ಯಿ, ಐವತ್ತು ದಾಟಿದವನು. ಇನ್ನೊಂದು ಕಡೆ ಬಿಳಿ ಕೊಕ್ಕರೆ ಪಂಥದ ಚಾನ್ ಹಾಕ್‌ಫು, ವಯಸ್ಸಿನಲ್ಲಿ ಬಹಳ ಕಿರಿಯ. ಚಾನ್‌ನ ಪಂಥ ಉದ್ದ ಕೈ ಬೀಸಿ ಮೇಲೆ ಬೀಳುವುದಕ್ಕೆ ಹೆಸರಾದದ್ದು. ಆ ಕಾಳಗದ ಚಲನಚಿತ್ರ ಇಂದಿಗೂ ಉಳಿದಿದೆ, ನಿನ್ನ ಮೊಬೈಲಿನಲ್ಲೇ ಸಿಗುತ್ತದೆ, ನೋಡು. ಇಬ್ಬರೂ ಕೈ ಬೀಸುತ್ತಾರೆ, ಹಿಂದೆ ಸರಿಯುತ್ತಾರೆ, ಮೂಗಿನಿಂದ ರಕ್ತ ಬರುತ್ತದೆ, ಹಗ್ಗಕ್ಕೆ ಒರಗುತ್ತಾರೆ. ಕೊಕ್ಕರೆಯೂ ಕಾಣುವುದಿಲ್ಲ, ತೈ ಚಿಯೂ ಕಾಣುವುದಿಲ್ಲ. ಎರಡನೇ ಸುತ್ತಿನಲ್ಲೇ ನಿಲ್ಲಿಸಿ, ಸೋಲೂ ಇಲ್ಲ ಗೆಲುವೂ ಇಲ್ಲ ಅಂತ ಸಾರಿದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಾಂಗ್‌ಕಾಂಗಿನ ಜನ ಈ ಕಾಳಗದ ಮಾತಿನಲ್ಲಿ ಎಷ್ಟು ಮುಳುಗಿದ್ದರೆಂದರೆ, ಮೂರೇ ದಿನದಲ್ಲಿ ಅಲ್ಲಿನ ಒಂದು ಪತ್ರಿಕೆ ಲಿಯಾಂಗ್ ಯುಶೆಂಗ್ ಎಂಬ ಲೇಖಕನಿಂದ ಮಲ್ಲವೀರರ ಧಾರಾವಾಹಿ ಕಾದಂಬರಿ ಬರೆಸಲು ಶುರುಮಾಡಿತು. ಹೊಸ ಕಾಲದ ಚೀನೀ ಮಲ್ಲಕಥೆಗಳ ಇಡೀ ಪೀಳಿಗೆ ಅಲ್ಲಿಂದ ಹೊರಟಿತು. ಅದರಿಂದ ಸಿನಿಮಾ, ಸಿನಿಮಾದಿಂದ ಗೇಮ್, ಗೇಮಿನಿಂದ ನೀನು. ತೀರ್ಮಾನವೇ ಆಗದ ಒಂದು ಕಾಳಗದ ಹೊಟ್ಟೆಯಿಂದ ಅಷ್ಟೊಂದು ಕೀರ್ತಿ ಹುಟ್ಟಿತು ನೋಡು.

ಇನ್ನು, ಚೀನೀಯರು ತಮ್ಮ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಲೇ ಇಲ್ಲ ಅಂತಲೂ ತಿಳಿಯಬೇಡ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರಕಾರವೇ ರಾಷ್ಟ್ರೀಯ ಮಲ್ಲವಿದ್ಯಾ ಸಂಸ್ಥೆ ತೆರೆಯಿತು. ಅಲ್ಲಿ ಬಾಜಿಯನ್ನೂ ಕಲಿಸುತ್ತಿದ್ದರು. ಅದೇ ವರ್ಷ ಅಕ್ಟೋಬರಿನಲ್ಲಿ ದೇಶದ ಮೂಲೆಮೂಲೆಯಿಂದ ಹೆಸರಾಂತರನ್ನು ಕರೆಸಿ, ಎತ್ತರದ ಕಟ್ಟೆಯ ಮೇಲೆ ಜೋಡಿ ಹಚ್ಚಿ ಕಾಳಗ ಆಡಿಸಿದರು. ಕೈಕಾಲು ಮುರಿದುಕೊಂಡವರ ಸಂಖ್ಯೆ ಏರುತ್ತ ಹೋಗಿ ಕೊನೆಗೆ ಉಳಿದವರಿಗೆ ಅಂತಿಮ ಪಂದ್ಯ ಆಡಿಸುವುದನ್ನೇ ಕೈಬಿಟ್ಟರು. ಯಾವ ವಿದ್ಯೆ ಮೇಲು ಅನ್ನುವುದು ಅಲ್ಲೂ ನಿಕಾಲಿ ಆಗಲಿಲ್ಲ. ಏಟು ಸುಳ್ಳಲ್ಲ ಅನ್ನುವುದು ಮಾತ್ರ ಗೊತ್ತಾಯಿತು. ಜೊತೆಗೆ ಇನ್ನೊಂದೂ ಗೊತ್ತಾಯಿತು: ಆ ಏಟನ್ನು ದಿನಾ ಒಬ್ಬರ ಮೇಲೊಬ್ಬರು ಪ್ರಯೋಗಿಸಿ ಕಲಿಯಲು ಆಗುವುದಿಲ್ಲ, ಮಾಡಿದರೆ ಮರುದಿನ ಕಲಿಯಲು ಯಾರೂ ಉಳಿಯುವುದಿಲ್ಲ.

ಇಲ್ಲೇ ಇದೆ ನೋಡು ಗಂಟು. ಉಗ್ರ ವಿದ್ಯೆಯ ಉಗ್ರ ಏಟುಗಳೇ ಅಭ್ಯಾಸಕ್ಕೆ ಸಿಗದಂಥವು. ಕಣ್ಣಿಗೆ ಬೆರಳು, ಗಂಟಲಿಗೆ ಮೊಣಕೈ, ಮೊಣಕಾಲಿಗೆ ಒದೆ. ಇವನ್ನು ಜೋಡಿಯ ಮೇಲೆ ಪೂರಾ ಜೋರಿನಿಂದ ಮಾಡುವಂತಿಲ್ಲ. ಹಾಗಾಗಿ ಗಾಳಿಯಲ್ಲಿ ಮಾಡುತ್ತಾರೆ. ಇಲ್ಲವೇ "ನೀನು ಹೀಗೆ ಕೈ ಚಾಚು, ನಾನು ಹೀಗೆ ಹೊಡೆದಂತೆ ಮಾಡುತ್ತೇನೆ, ನೀನು ಬೀಳು" ಅಂತ ಒಪ್ಪಂದದ ಮೇಲೆ ಮಾಡುತ್ತಾರೆ. ಹತ್ತು ವರ್ಷ ಹೀಗೆ ಮಾಡಿದರೆ ಬೀಳುವವನು ಚೆನ್ನಾಗಿ ಬೀಳುವುದನ್ನು ಕಲಿಯುತ್ತಾನೆ. ಹೊಡೆಯುವವನಿಗೆ ಮಾತ್ರ ತಾನು ಸಿಡಿಲು ಅನ್ನುವ ಭ್ರಮೆ ಹತ್ತುತ್ತದೆ. 2017ರ ಏಪ್ರಿಲ್‌ನಲ್ಲಿ ಚೆಂಗ್ಡೂ ನಗರದಲ್ಲಿ ವೇಯ್ ಲೇಯ್ ಎಂಬ ತೈ ಚಿ ಗುರು, ಶು ಶಿಯಾವೊದೊಂಗ್ ಎಂಬ ಮಿಶ್ರ ಕಾಳಗದವನ ಎದುರಿಗೆ ನಿಂತ. ಶು ಏನೂ ಲೋಕವಿಖ್ಯಾತ ಜಟ್ಟಿಯಲ್ಲ. ಮೈ ಬಂದ, ನಡುವಯಸ್ಸಿಗೆ ಹತ್ತಿರವಾದ ತರಬೇತುದಾರ. ಅರ್ಧ ನಿಮಿಷವೂ ಹಿಡಿಯಲಿಲ್ಲ, ಗುರು ನೆಲದ ಮೇಲಿದ್ದ. ಇಡೀ ಚೀನಾ ಆ ವಿಡಿಯೋ ನೋಡಿ ಎರಡು ಪಾಲಾಗಿ ಜಗಳಾಡಿತು. ನಾನು ಆ ಗುರುವನ್ನು ನೋಡಿ ನಗುವುದಿಲ್ಲ. ಅಷ್ಟು ವರ್ಷ ಅವನ ಎದುರಿಗೆ "ಬೀಳೂದಿಲ್ಲ" ಅಂದವನು ಒಬ್ಬನೂ ಬಂದಿರಲಿಕ್ಕಿಲ್ಲ. ಬಂದ ಮೊದಲಿಗನೇ ಅವನನ್ನು ಕೆಡವಿದ.

ಮೊನ್ನೆ ನಮ್ಮ ಅಂಗಳದಲ್ಲಿ ನಡೆದದ್ದು ನಿನಗೆ ಇನ್ನೂ ಮೈಯಲ್ಲಿ ನೆನಪಿರಬೇಕು. ತಾಲೀಮಿನ ಒಬ್ಬ ಹುಡುಗನ ಎದೆಗೆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಪಂಚೆಯಿಂದ ಬಿಗಿದು ಕಟ್ಟಿದೆವು. "ಸುಮ್ಮನ ನಿಲ್ಲು" ಅಂದೆ ಅವನಿಗೆ. ನೀನು ಹೆಜ್ಜೆ ಒತ್ತಿ ಮೊಣಕೈ ಕೊಟ್ಟೆ. ಒಳ್ಳೆಯ ಏಟೇ ಅದು. ಕೌದಿಯ ಮೇಲಿಂದಲೂ ಹುಡುಗ ಉಸಿರು ಬಿಟ್ಟ, ಹಿಂದಕ್ಕೆ ಸರಿದು ಕಟ್ಟೆ ಹಿಡಿದ. ನಿನ್ನ ಮುಖ ಅರಳಿತು. ಆಮೇಲೆ ಅವನಿಗೆ, "ಇನ್ನ ಸುಮ್ಮನ ನಿಲ್ಲಬ್ಯಾಡ, ಹಿಡಿ" ಅಂದೆ. ನೀನು ಅದೇ ಹೆಜ್ಜೆ ಒತ್ತಿದೆ. ಅಷ್ಟರಲ್ಲಿ ಅವನ ಎಡಗೈ ನಿನ್ನ ಹೆಡಕಿನ ಮೇಲಿತ್ತು. ಒಮ್ಮೆ ಕೆಳಕ್ಕೆ ಜಗ್ಗಿದ. ನಿನ್ನ ಮೊಣಕೈ ಅವನ ಕಿವಿಯ ಪಕ್ಕದಿಂದ ಗಾಳಿಗೆ ಹೋಯಿತು, ನಿನ್ನ ಮುಂಗಾಲು ಅವನ ಬಲಗೈಯಲ್ಲಿ ಸಿಕ್ಕಿತ್ತು, ನಿನ್ನ ಬೆನ್ನು ಅಂಗಳದಲ್ಲಿತ್ತು. ಎದ್ದು "ಅವ ಮೊದಲ ಹಿಡದಾ" ಅಂತ ಸಿಟ್ಟು ಮಾಡಿದೆ. ಹೌದಪ್ಪಾ, ಹೊಡೆದಾಟದಲ್ಲಿ ಎದುರಿನವನು ಮೊದಲೇ ಹಿಡಿಯುತ್ತಾನೆ. ಅವನಿಗೂ ಎರಡು ಕೈ ಇವೆ.

ಗಮನಿಸು, ಅಂದು ಸೋತದ್ದು ನಿನ್ನ ಏಟಲ್ಲ. ಅಂತರ ತಪ್ಪಿತು, ಗಳಿಗೆ ತಪ್ಪಿತು. ಆ ಎರಡನ್ನೂ ವಿಡಿಯೋ ಕಲಿಸುವುದಿಲ್ಲ. ಪಕ್ಕಕ್ಕೆ ಸರಿಯುವ, ಜಗ್ಗುವ, ಸುಳ್ಳು ತೋರಿಸುವ ಜೀವಂತ ಮನುಷ್ಯ ಮಾತ್ರ ಕಲಿಸುತ್ತಾನೆ. ತಾಲೀಮಿನ ಹುಡುಗನ ಹತ್ತಿರ ನಿನ್ನಷ್ಟು ಪಟ್ಟುಗಳಿಲ್ಲ. ಢಾಕ್ ಒಂದು, ಏಕಲಂಗಿ ಒಂದು, ಕಷ್ಟಕ್ಕೆ ಬಿದ್ದರೆ ಘಿಸ್ಸಾ. ಆದರೆ ಅವನ್ನು ಬೆಳಿಗ್ಗೆ ಸಂಜೆ, ತನ್ನನ್ನು ಕೆಡವಲು ಬಂದವನ ಮೇಲೆಯೇ ಮಾಡಿದ್ದಾನೆ.

ಕುಸ್ತಿಯ ದೊಡ್ಡಸ್ತಿಕೆ ಇಷ್ಟೇ. ಅದರಲ್ಲಿ ಗುದ್ದಿಲ್ಲ, ಒದೆಯಿಲ್ಲ, ನೋಡಿದರೆ ಉಗ್ರವೂ ಅಲ್ಲ. ಆದ್ದರಿಂದಲೇ ಪೂರಾ ಜೋರಿನಿಂದ ದಿನಾ ಆಡಬಹುದು. ಜಾತ್ರೆಯ ನಿಕಾಲಿ ಕುಸ್ತಿಗೆ ಗಡಿಯಾರದ ಹಂಗಿಲ್ಲ; ಬೆನ್ನು ಮಟ್ಟಿಗೆ ಹತ್ತಬೇಕು, ಹಲಗಿ ಬಡಿಯಬೇಕು, ಊರೆಲ್ಲ ಕಂಡಿರಬೇಕು. ತೆಂಗಿನಕಾಯಿ ಕುಸ್ತಿ ಆಡುವ ಚಿಕ್ಕ ಹುಡುಗನಿಗೂ ತಾನು ಎಷ್ಟರವನು ಅನ್ನುವುದು ಆ ಸಂಜೆಯೇ ತಿಳಿದುಬಿಡುತ್ತದೆ. ಅಲ್ಲಿ ಕೀರ್ತಿಗೆ ಹೆಚ್ಚು ದಿನ ಸುಳ್ಳು ಹೇಳಲು ಬರುವುದಿಲ್ಲ. ಹಾಗಂತ ಕುಸ್ತಿಯವರೆಲ್ಲ ಹರಿಶ್ಚಂದ್ರರು ಅಂತಲ್ಲ. ನೂರಾ ಕುಸ್ತಿ ಅನ್ನುವ ಮಾತು ಸುಮ್ಮನೆ ಹುಟ್ಟಿಲ್ಲ. ಮೊದಲೇ ಹಣ ಹಂಚಿಕೊಂಡು ಬರುವ ಜೋಡಿಗಳನ್ನು ನಮ್ಮ ಸೀಮೆಯೂ ಕಂಡಿದೆ. ಆದರೆ ಮುದುಕರು ಗುರುತಿಸಿ ಕೂಗು ಹಾಕುತ್ತಾರೆ, ಯಾಕೆಂದರೆ ಖರೇ ಕುಸ್ತಿ ಹೇಗಿರುತ್ತದೆ ಅಂತ ಅವರ ಮೈಗೆ ಗೊತ್ತು.

ಹೆಸರಿಗೂ ಕಸುವಿಗೂ ಸರಿಯಾಗಿ ತಾಳೆಯಾದವರು ಬೇಕೆಂದರೆ ನೀನು ಚೀನಾಕ್ಕೆ ಹೋಗುವುದು ಬೇಡ. ಇಲ್ಲೇ ಚಿಕ್ಕೋಡಿ ಕಡೆಯ ಎಕ್ಸಂಬಾ ಊರಿನ ಶ್ರೀಪತಿ ಖಂಚನಾಳೆ. ಗಡಿಯಾಚೆಯ ಊರಿನಲ್ಲಿ ಹುಟ್ಟಿ ಕೊಲ್ಲಾಪುರದ ಶಾಹುಪುರಿ ತಾಲೀಮಿನಲ್ಲಿ ಬೆಳೆದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗರನ್ನು ಕೆಡವಿ ಮೊದಲ ಹಿಂದ್ ಕೇಸರಿ ಆದರು. ಮರುವರ್ಷದ ಹಿಂದ್ ಕೇಸರಿ ಗಣಪತ ಆಂದಳಕರ್, ನಮ್ಮ ಸಾಂಗಲಿ ಜಿಲ್ಲೆಯ ಶಿರಾಳಾ ತಾಲೂಕಿನವರು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಿಂದ ಅವರೂ ನಮ್ಮದೇ ಜಿಲ್ಲೆಯ ಕವಠೆಪಿರಾಣದ ಮಾರುತಿ ಮಾನೆಯವರೂ ತಲಾ ಒಂದು ಚಿನ್ನ, ಒಂದು ಬೆಳ್ಳಿ ತಂದರು. ಒಂದೇ ಜಿಲ್ಲೆಗೆ ನಾಲ್ಕು ಪದಕ! ಮಟ್ಟಿಯ ಮೇಲೆ ಬೆಳೆದವರು ಮ್ಯಾಟಿನ ಮೇಲೆ, ಬೇರೆ ನಿಯಮದಲ್ಲಿ, ಬೇರೆ ದೇಶದವರ ಎದುರಿಗೆ ಗೆದ್ದದ್ದು ಅದು. ವಿದ್ಯೆ ನಿಜವೋ ಅಲ್ಲವೋ ಅನ್ನುವುದು ತನ್ನ ಮನೆಯಂಗಳ ಬಿಟ್ಟು ಹೊರಗೆ ಹೋದಾಗಲೇ ತಿಳಿಯುವುದು.

ಖಾಶಾಬಾ ಜಾಧವರ ಕಥೆ ನಿನಗೆ ಶಾಲೆಯಲ್ಲೇ ಹೇಳಿದ್ದೆ; ಆಗ ನಿನಗೆ ಕಿಟಕಿಯ ಹೊರಗೆ ಹೆಚ್ಚು ಕೆಲಸವಿತ್ತು. ಕರಾಡ ಹತ್ತಿರದ ಗೋಳೇಶ್ವರದವರು, ಸಣ್ಣ ಆಳು. ಮೈಕಟ್ಟು ನೋಡಿದವರು ಪೈಲ್ವಾನ ಅಂತ ನಂಬುತ್ತಿರಲಿಲ್ಲ. 1948ರಲ್ಲಿ ಲಂಡನ್ನಿಗೆ ಹೋದಾಗ ಮ್ಯಾಟ್ ಕುಸ್ತಿ ಅವರಿಗೆ ಹೊಸದು; ಆರನೇ ಸ್ಥಾನಕ್ಕೆ ನಿಂತರು. ಊರಿಗೆ ಬಂದು ನಿಯಮ ಸರಿಯಿಲ್ಲ, ನೆಲ ಸರಿಯಿಲ್ಲ ಅನ್ನಲಿಲ್ಲ. ಆ ನಿಯಮದಲ್ಲೇ ನಾಲ್ಕು ವರ್ಷ ತಾಲೀಮು ತೆಗೆದರು. ಹೆಲ್ಸಿಂಕಿಗೆ ಹೋಗಲು ಹಣವಿರಲಿಲ್ಲ. ಕೊಲ್ಲಾಪುರದ ರಾಜಾರಾಮ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೀಕರರು ತಮ್ಮ ಮನೆ ಒತ್ತೆಯಿಟ್ಟು ದುಡ್ಡು ಕೊಟ್ಟರು. 1952ರಲ್ಲಿ ಅಲ್ಲಿ ಕೆನಡಾ, ಮೆಕ್ಸಿಕೋ, ಜರ್ಮನಿಯವರನ್ನು ಸೋಲಿಸಿ ಕಂಚು ತಂದರು. ಸ್ವತಂತ್ರ ಭಾರತಕ್ಕೆ ಒಬ್ಬ ಆಟಗಾರ ಒಂಟಿಯಾಗಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಅವರ ಕೈಗೆ ಒಗ್ಗಿದ ಪಟ್ಟು ಢಾಕ್. ನಮ್ಮ ತಾಲೀಮಿನ ಹುಡುಗನ ಹತ್ತಿರ ಇರುವ ಅದೇ ಢಾಕ್.

ಗಾಮಾ ಪೈಲ್ವಾನರಿಗೂ ಬೀಳಲೊಲ್ಲದವನು ಒಬ್ಬ ಸಿಕ್ಕಿದ್ದ. 1910ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝಿಬಿಸ್ಕೋ ಎರಡೂವರೆ ತಾಸು ಹೊಟ್ಟೆಯ ಮೇಲೆ ಮಲಗಿ ಮ್ಯಾಟಿಗೆ ಅಂಟಿಕೊಂಡುಬಿಟ್ಟ. ಗಾಮಾನಂಥ ಗಾಮಾ ಅವನನ್ನು ಮಗುಚಲಾರದೆ ಹೋದರು, ಕುಸ್ತಿ ಸಮನಾಯಿತು. ಹದಿನೆಂಟು ವರ್ಷದ ಮೇಲೆ, 1928ರಲ್ಲಿ, ಪಟಿಯಾಲಾದಲ್ಲಿ ಅದೇ ಜೋಡಿ ಹತ್ತಿತು. ಒಂದು ನಿಮಿಷದೊಳಗೆ ಝಿಬಿಸ್ಕೋನ ಬೆನ್ನು ನೆಲ ಕಂಡಿತು.

ಇಷ್ಟೆಲ್ಲ ಹೇಳಿ ಕುಸ್ತಿಯೇ ಸರ್ವಸ್ವ ಅಂತ ನಿನ್ನನ್ನು ಕಟ್ಟಿಹಾಕುವುದಿಲ್ಲ. ಕುಸ್ತಿಯವನಿಗೆ ಮುಖಕ್ಕೆ ಬರುವ ಗುದ್ದಿನ ರೂಢಿ ಇರುವುದಿಲ್ಲ. ತಲೆ ಮುಂದೆ ಚಾಚಿ ನಿಲ್ಲುವ ಅವನ ನಿಲುವೇ ಗುದ್ದುವವನಿಗೆ ಹಬ್ಬ. ಇಬ್ಬರು ಮೂವರು ಬಂದರೆ ಒಬ್ಬನನ್ನು ನೆಲಕ್ಕೆ ಹಾಕಿ ಮೇಲೆ ಕೂತವನ ಬೆನ್ನಿಗೆ ಇನ್ನೊಬ್ಬ ಇರುತ್ತಾನೆ. ಚಾಕು ಕಂಡರೆ ಯಾವ ವಿದ್ಯೆಯೂ ಬೇಡ, ಓಟ ಒಂದೇ ಸಾಕು. ಹಾಗಾಗಿ ಹೊಡೆತವನ್ನೂ ಕಲಿಯಬೇಕು ಅನ್ನುವ ನಿನ್ನ ಆಸೆ ತಪ್ಪಲ್ಲ.

ಅದಕ್ಕೆ ಚೀನೀಯರೇ ದಾರಿ ಹುಡುಕಿದ್ದಾರೆ. ಸಾಂಡಾ ಅಂತ ಅದರ ಹೆಸರು, ವುಶು ಆಟದ ಒಂದು ವಿಭಾಗ. ಅವರ ಸೈನ್ಯದ ತರಬೇತಿಯಲ್ಲಿ ಬೆಳೆದು, 1979ರಿಂದ ಆಟದ ರೂಪಕ್ಕೆ ಬಂತು. ಗುದ್ದು, ಒದೆ, ಕೆಡವುವುದು ಮೂರೂ ಇವೆ. ಎಂಟು ಮೀಟರ್ ಚೌಕದ, 80 ಸೆಂಟಿಮೀಟರ್ ಎತ್ತರದ ಕಟ್ಟೆಯ ಮೇಲೆ ಆಡುತ್ತಾರೆ, ಎರಡೆರಡು ನಿಮಿಷದ ಸುತ್ತುಗಳು. ಎದುರಾಳಿಯನ್ನು ಕಟ್ಟೆಯಿಂದ ಕೆಳಗೆ ದಬ್ಬಿದರೂ ಲೆಕ್ಕಕ್ಕೆ ಬರುತ್ತದೆ. ಕೈಗೆ ಗವಸು, ಎದೆಗೆ ತಲೆಗೆ ಕವಚ. ಮತ್ತೆ ಕೇಳು: ಮೊಣಕೈ ಏಟು ಅದರಲ್ಲಿ ನಿಷಿದ್ಧ! ಬಾಜಿಯ ಪ್ರಾಣವಾದ ಏಟನ್ನೇ ತೆಗೆದುಹಾಕಿದರು. ಜಪಾನಿನಲ್ಲಿ ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ತೆರೆದು ಜೂಡೋ ಕಟ್ಟಿದಾಗ ಮಾಡಿದ್ದೂ ಇದನ್ನೇ. ಅಂಗ ಮುರಿಯುವ ಪಟ್ಟುಗಳನ್ನು ದಿನದ ಜೋಡಿ ಆಟದಿಂದ ಹೊರಗಿಟ್ಟ, ಉಳಿದದ್ದನ್ನು ಪೂರಾ ಜೋರಿನಿಂದ ಆಡಲು ಬಿಟ್ಟ. ಹಲ್ಲು ಕಿತ್ತ ಹಾವು ಅಂತ ಹಳೆಯ ಗುರುಗಳು ಮೂಗು ಮುರಿದಿರಬಹುದು. ಆದರೆ ಆ ಹಾವೇ ಲೋಕವೆಲ್ಲ ಹರಿದಾಡಿತು.

ಸಾಂಡಾದಲ್ಲಿ ನಮ್ಮ ದೇಶದವರೂ ಹಿಂದೆ ಬಿದ್ದಿಲ್ಲ. 2018ರ ಏಷ್ಯನ್ ಕ್ರೀಡೆಗಳಲ್ಲಿ ನಾಲ್ಕು ಕಂಚು ಬಂದವು. ಆ ನಾಲ್ವರಲ್ಲಿ ಒಬ್ಬಳಾದ ಮಣಿಪುರದ ನವೋರೆಂ ರೋಶಿಬಿನಾ ದೇವಿ, 2023ರಲ್ಲಿ ಚೀನಾದ ಹಾಂಗ್‌ಝೌಗೇ ಹೋಗಿ 60 ಕಿಲೋ ವಿಭಾಗದಲ್ಲಿ ಅಂತಿಮ ಪಂದ್ಯದವರೆಗೆ ಬಂದು ಬೆಳ್ಳಿ ಗೆದ್ದಳು. ಅವಳ ಊರು ಆಗ ಗಲಭೆಯಲ್ಲಿ ಬೇಯುತ್ತಿತ್ತು. ಪದಕವನ್ನು ಮಣಿಪುರದ ಜನರಿಗೇ ಅರ್ಪಿಸಿದಳು. ಚೀನಾದ ಝಾಂಗ್ ವೇಯ್ಲಿ ಎಂಬಾಕೆ ಚಿಕ್ಕಂದಿನಲ್ಲಿ ಇದೇ ಸಾಂಡಾ ಕಲಿತು, 2019ರಲ್ಲಿ ಶೆಂಝೆನ್‌ನಲ್ಲಿ 42 ಸೆಕೆಂಡಿನಲ್ಲಿ ಎದುರಾಳಿಯನ್ನು ಮುಗಿಸಿ ಮಿಶ್ರ ಕಾಳಗದ ಯುಎಫ್‌ಸಿ ಬಿರುದು ಗೆದ್ದಳು. ಆ 42 ಸೆಕೆಂಡು ನೋಡು. ಉಗ್ರ ಅನ್ನುವುದು ಅದಕ್ಕೆ.

ಇನ್ನೊಂದು ವಿಷಯ ನಿಮ್ಮವ್ವನ ಮುಂದೆ ಎತ್ತಿಲ್ಲ, ನಿನಗೆ ಮಾತ್ರ ಹೇಳುತ್ತೇನೆ. ಕಳೆದ ಜಾತ್ರೆಯಲ್ಲಿ ತಿರುಗುವ ಪಾಳಣೆಯ ಹತ್ತಿರ ನಡೆದ ತಳ್ಳಾಟದ ಸುದ್ದಿ ನನಗೂ ಬಂದಿದೆ. "ಆ ಟೈಮ್‌ನ್ಯಾಗ ನನಗ ಬಾಜಿ ಬರತಿತ್ತಂದ್ರ ತೋರಸ್ತಿದ್ದೆ" ಅಂದೆಯಂತೆ. ನೀನು ಪೊಲೀಸ್ ಭರ್ತಿಗೆ ತಯಾರಿ ಮಾಡುತ್ತಿರುವ ಹುಡುಗ. ದಿನಾ ಬೆಳಗಿನ ಜಾವ ಡಾಂಬರು ರಸ್ತೆಯ ಮೇಲೆ 1600 ಮೀಟರ್ ಓಡುತ್ತೀ, ಗುಂಡು ಎಸೆಯುತ್ತೀ. ನಿನ್ನ ಮೊಣಕೈಯಿಂದ ಒಬ್ಬನ ಒಂದು ಹಲ್ಲು ಮುರಿಯಿತು ಅಂತ ಇಟ್ಟುಕೋ. ಒಂದೇ ಹಲ್ಲು. ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನ ಪ್ರಕಾರ ಎಲುಬು ಮುರಿದರೂ ಹಲ್ಲು ಮುರಿದರೂ ಅದು ಗಂಭೀರ ಗಾಯ. ಮುಂದಿನ ಕಲಮಿನಲ್ಲಿ ಅದಕ್ಕೆ ಏಳು ವರ್ಷದವರೆಗೆ ಶಿಕ್ಷೆ ಇದೆ. ಆತ್ಮರಕ್ಷಣೆಯ ಹಕ್ಕು ನಿನಗುಂಟು, ಇಲ್ಲ ಅನ್ನುವುದಿಲ್ಲ. ಆದರೆ ರಕ್ಷಣೆಗೆ ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕನ್ನು ಅದೇ ಕಾಯಿದೆ ಕೊಡುವುದಿಲ್ಲ. ಕೇಸು ಖುಲಾಸೆಯಾಗುವ ಹೊತ್ತಿಗೆ ನಿನ್ನ ಭರ್ತಿಯ ವಯಸ್ಸು ಮೀರಿರುತ್ತದೆ. ಅಂಗರಕ್ಷಕರಿಗೆ ಅಂಥ ವಿದ್ಯೆ ಹೊಂದುತ್ತದೆ, ಅವರ ಹಿಂದೆ ಸರಕಾರ ನಿಂತಿರುತ್ತದೆ. ನಿನ್ನ ಹಿಂದೆ ಇರುವವರು ನಿಮ್ಮಪ್ಪ, ಅವನ ಎರಡೆಕರೆ ದ್ರಾಕ್ಷಿ, ಅದರ ಮೇಲಿನ ಸಾಲ. ತಾಲೀಮಿನ ಹುಡುಗ ಅದೇ ಗದ್ದಲದಲ್ಲಿ ಏನು ಮಾಡಿದ ಗೊತ್ತಲ್ಲ? ಕುಡಿದು ಬಂದವನನ್ನು ಹಿಂದಿನಿಂದ ತೆಕ್ಕೆ ಹಾಕಿ ಹಿಡಿದು, ಪಾಳಣೆಯ ಕಂಬಕ್ಕೆ ಒತ್ತಿ, ಅವನ ಅಣ್ಣ ಬರುವ ತನಕ ನಿಂತ. ಯಾರ ಮೈಮೇಲೂ ಒಂದು ಗೀರಿಲ್ಲ, ಯಾರೂ ಪೊಲೀಸ್ ಠಾಣೆಗೆ ಹೋಗಲಿಲ್ಲ.

ಈಗ ನೀನು ಮಾಡಬೇಕಾದದ್ದು. ತಾಲೀಮು ಬಿಡಬೇಡ, ಬೆಳಗಿನ ಓಟ, ಸಂಜೆಯ ಮಟ್ಟಿ ಎರಡೂ ನಡೆಯಲಿ. ಬಾಜಿಯ ವಿಡಿಯೋ ನೋಡಬೇಕೆಂದರೆ ನೋಡು, ಹೆಜ್ಜೆ ಇಟ್ಟು ಒಳನುಗ್ಗುವ ರೀತಿಯಲ್ಲಿ ಕಲಿಯುವಂಥದ್ದಿದೆ. ಆದರೆ ಸಿಮೆಂಟಿನ ಮೇಲೆ ಕಾಲು ಅಪ್ಪಳಿಸುವುದನ್ನು ಇವತ್ತೇ ನಿಲ್ಲಿಸು. ಭರ್ತಿಯ ಓಟಕ್ಕೆ ಬೇಕಾದ ಮೊಣಕಾಲು ಅದು.

ಹೊಡೆತ ಕಲಿಸುವ ಗುರು ಸಾಂಗಲಿಯಲ್ಲೋ ವಿಜಯಪುರದಲ್ಲೋ ಸಿಕ್ಕರೆ ಹೋಗು, ಬಸ್ಸಿನ ಖರ್ಚು ನನ್ನದು. ಹೋದವನು ಗೋಡೆಯ ಮೇಲಿನ ಸರ್ಟಿಫಿಕೇಟುಗಳನ್ನು ಓದುತ್ತ ನಿಲ್ಲಬೇಡ. ಗುರುವಿನ ಕಿವಿ ನೋಡು, ಮೂಗಿನ ಎಲುಬು ನೋಡು. ನಮ್ಮ ತಾಲೀಮಿನ ವಸ್ತಾದರ ಕಿವಿ ನೋಡಿದ್ದೀಯಲ್ಲ, ಹಿಡಿತಕ್ಕೆ ಸಿಕ್ಕು ಸಿಕ್ಕು ಮಡಚಿ ಗಂಟಾದದ್ದು? ಬೇರೆಯವರ ಕೈಗೆ ವರ್ಷಗಟ್ಟಲೆ ಸಿಕ್ಕ ಮೈ ಒಂದಲ್ಲ ಒಂದು ಗುರುತು ಇಟ್ಟುಕೊಂಡಿರುತ್ತದೆ. ಆಮೇಲೆ ಅವರ ಹಳೆಯ ಶಿಷ್ಯರು ಗವಸು ಹಾಕಿಕೊಂಡು ಆಡುವ ದಿನ ಯಾವುದು ಅಂತ ಕೇಳಿ, ಆ ದಿನ ಹೋಗಿ ಮೂಲೆಯಲ್ಲಿ ಕೂತು ನೋಡು. ಸೋತವನು ನಕ್ಕು ಮತ್ತೆ ಎದ್ದು ಬರುತ್ತಾನೋ? ಗುರು ತಾನೂ ಇಳಿದು ಆಡುತ್ತಾರೋ, ಒಮ್ಮೊಮ್ಮೆ ಶಿಷ್ಯನ ಕೈಯಲ್ಲಿ ಏಟು ತಿನ್ನುತ್ತಾರೋ? ಇದೆಲ್ಲ ಇದ್ದರೆ ಅಲ್ಲಿ ಕಲಿಸುವುದಕ್ಕೆ ಬಾಜಿ ಅಂತಲಾದರೂ ಹೆಸರಿರಲಿ, ಇನ್ನೇನಾದರೂ ಇರಲಿ, ಸೇರಿಕೋ. "ನಮ್ಮ ವಿದ್ಯೆ ಬಹಳ ಅಪಾಯದ್ದು, ಜೋಡಿ ಆಡಿಸಿ ತೋರಿಸಲು ಬರುವುದಿಲ್ಲ" ಅಂದರೆ ಅವರು ಕೊಟ್ಟ ಚಹಾ ಕುಡಿದು, ನಮಸ್ಕಾರ ಹೇಳಿ, ಸಂಜೆಯ ಬಸ್ಸಿಗೆ ಬಂದುಬಿಡು. ಫೀಸಿನ ರೊಕ್ಕ ಮಾತ್ರ ಮೊದಲ ಭೇಟಿಗೇ ತೆಗೆದುಕೊಂಡು ಹೋಗಬೇಡ. ಅದು ನಿಮ್ಮವ್ವನ ಹತ್ತಿರವೇ ಇರಲಿ.